ಮಗ ಬಿಟ್ಟುಹೋದ ಮೀನು



ಈ ಸಲ ಹಪ್ಪಳ-ಸಂಡಿಗೆಯ ಮಾತು ಆಡೋಣ ಅಂತಿದ್ದೆ. ಅಷ್ಟರಲ್ಲಿ ಘಟ್ಟದ ಮೇಲಿನ ಊರೊಂದರಿಂದ ಒಂದು ಪತ್ರ ಬಂತು. ಓದಿದ ಮೇಲೆ ಹಪ್ಪಳ ಇನ್ನೊಂದು ಸಲಕ್ಕಿರಲಿ ಅನ್ನಿಸಿತು. ಪತ್ರದ ಮುಖ್ಯ ಭಾಗ ಹೀಗಿದೆ:

"ಅಕ್ಕಾ, ಎರಡು ವರ್ಷದ ಹಿಂದೆ ನನ್ನ ಮಗ ಹಟ ಹಿಡಿದು ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇಡಿಸಿದ. ಮೂರಡಿಯ ಗಾಜಿನ ತೊಟ್ಟಿ. ಅದರಲ್ಲಿರುವುದು ಒಂದೇ ಮೀನು, ಪಫರ್ ಅಂತ ಹೆಸರು. ಮುಖ ಥೇಟ್ ನಾಯಿಮರಿಯ ಹಾಗೆ. ಮಗ ಓದಲು ಬೆಂಗಳೂರಿನ ಹಾಸ್ಟೆಲ್ಲಿಗೆ ಹೋಗಿ ಎಂಟು ತಿಂಗಳಾಯಿತು. ಮೀನು ನನ್ನ ಪಾಲಿಗೆ ಬಿತ್ತು. ನಮ್ಮದು ಸಸ್ಯಾಹಾರಿ ಮನೆ. ಅವನಿದ್ದಾಗ ಅವನೇ ಹಿತ್ತಲಲ್ಲಿ ಕೂತು ಏನೋ ತೊಳೆದು ತಂದು ಹಾಕುತ್ತಿದ್ದ. ನಾನು ಅಂಗಡಿಯಲ್ಲಿ ಸಿಗುವ ಒಣ ಆಹಾರ ಹಾಕುತ್ತಾ ಬಂದೆ. ಎರಡು ವಾರದಿಂದ ಮೀನು ಓಡಿ ಬರುತ್ತದೆ, ಬಾಯಿ ಹಾಕುತ್ತದೆ, ಉಗುಳಿ ಹೋಗಿಬಿಡುತ್ತದೆ. ನಮ್ಮ ಅತ್ತೆಗೆ ಮೊದಲಿನಿಂದಲೂ ಈ ತೊಟ್ಟಿ ಕಂಡರಾಗದು. ಇವರು, 'ಭಾನುವಾರ ಹೋಗಿ ಸಮುದ್ರಕ್ಕೆ ಬಿಟ್ಟು ಬರೋಣ, ಪುಣ್ಯ ಬರುತ್ತೆ' ಅನ್ನುತ್ತಾರೆ. ಬೆಳಿಗ್ಗೆ ನಾನು ದೀಪ ಹಾಕಿದೊಡನೆ ಅದು ಗಾಜಿನ ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತದೆ. ಏನು ಮಾಡಲಿ?"

ಮೀನು ಸಾಕುವುದೂ ಒಂದು ಅಂಕಣದ ವಿಷಯವೇ ಅಂತ ಕೆಲವರು ಮೂಗು ಮುರಿಯಬಹುದು. ಆದರೆ ಯೋಚಿಸಿ ನೋಡಿ. ಮಕ್ಕಳು ಆಸೆಪಟ್ಟು ತಂದದ್ದು, ನಾಯಿಯಿರಲಿ, ಗಿಳಿಯಿರಲಿ, ಮೀನಿರಲಿ, ಕೊನೆಗೆ ಯಾರ ಕೈಗೆ ಬರುತ್ತದೆ? ಅಮ್ಮನ ಕೈಗೆ. ಯಾರೂ ಕೇಳಿ ಕೊಡುವುದಿಲ್ಲ, ಕಲಿಸಿಯೂ ಕೊಡುವುದಿಲ್ಲ.

ನನಗೂ ಹಾಗೇ ಆಯಿತು. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗ ಪರದೇಶಕ್ಕೆ ಹೊರಟಾಗ, "ದೊಡ್ಡಮ್ಮ, ಒಂದು ವರ್ಷ ನೋಡ್ಕೋ" ಅಂತ ಇಂಥದೇ ಮೀನನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ನಮ್ಮದು ಮೀನು ಬೇಯುವ ಮನೆ, ಸಿಗಡಿಗೇನು ಬರ? ಮೊಮ್ಮಕ್ಕಳಿಗೆ ಮಾಡಿಕೊಡುವ ಹಾಗೆ ಒಂದೊಂದನ್ನೂ ಸಿಪ್ಪೆ ಸುಲಿದು, ನರ ತೆಗೆದು, ಮೆತ್ತಗೆ ತುಂಡು ಮಾಡಿ ಕೊಟ್ಟೆ. ಪಾಪ, ಬಾಯಿಗೆ ಚುಚ್ಚದಿರಲಿ ಅಂತ. ಹತ್ತು ತಿಂಗಳು ಕಳೆದಾಗ ಅದೂ ಹೀಗೆಯೇ ಓಡಿ ಬಂದು, ಬಾಯಿ ಹಾಕಿ, ಬಿಟ್ಟು ಹೋಗತೊಡಗಿತು. ಕಾಯಿಲೆ ಅಂದುಕೊಂಡೆ. ಮೀನಿನ ಅಂಗಡಿಯವರು ಕೊಟ್ಟ ಔಷಧಿ ಹಾಕಿದೆ. ಅದರಲ್ಲಿ ತಾಮ್ರವಿತ್ತು. ಮೂರನೆಯ ದಿನ ಮೀನು ಇಲ್ಲ. ಆಮೇಲೆ ತಿಳಿದವರೊಬ್ಬರು ಅದರ ಬಾಯಿ ನೋಡಿ ಹೇಳಿದರು: "ಕಾಯಿಲೆಯಲ್ಲಮ್ಮ, ಹಲ್ಲು ಬೆಳೆದು ಬಾಯಿ ಕಟ್ಟಿಹೋಗಿದೆ." ನಾನು ಪ್ರೀತಿಯಿಂದ ಸುಲಿದು ಕೊಟ್ಟ ಆ ಸಿಪ್ಪೆಯೇ ಅದಕ್ಕೆ ಬೇಕಾಗಿದ್ದದ್ದು.

ಆ ತಪ್ಪು ನಿಮ್ಮಿಂದ ಆಗದಿರಲಿ ಅಂತ ಈ ಸಲದ ಮಾತು.

ಮೊದಲು ಬಾಯಿ ನೋಡಿ

ಪಫರ್ ಮೀನಿನ ಕುಟುಂಬಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಟೆಟ್ರಾಓಡಾಂಟಿಡೆ. ಟೆಟ್ರಾ ಎಂದರೆ ನಾಲ್ಕು, ಓಡಾನ್ ಎಂದರೆ ಹಲ್ಲು. ಮೇಲೆ ಎರಡು, ಕೆಳಗೆ ಎರಡು ಹಲ್ಲಿನ ಫಲಕಗಳು ಸೇರಿ ಗಿಳಿಯ ಕೊಕ್ಕಿನಂತೆ ಆಗಿರುತ್ತವೆ. ನಮ್ಮ ಉಗುರಿನ ಹಾಗೆ ಆ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ. ಸಮುದ್ರದಲ್ಲಿ ಅದು ಚಿಪ್ಪು ಒಡೆದು, ಏಡಿ ಕಡಿದು, ಹವಳ ಕೆರೆದು ತಿನ್ನುವುದರಿಂದ ಬೆಳೆದದ್ದು ಸವೆದುಹೋಗುತ್ತದೆ. ಮೆತ್ತಗಿನ ಊಟ, ಒಣ ಆಹಾರ ಕೊಟ್ಟರೆ ಸವೆಯುವುದು ನಿಲ್ಲುತ್ತದೆ, ಬೆಳೆಯುವುದು ನಿಲ್ಲುವುದಿಲ್ಲ. ಕೊನೆಗೆ ಎದುರಿಗೆ ಊಟವಿದ್ದೂ ಮೀನು ಉಪವಾಸ ಬೀಳುತ್ತದೆ.

ಆದ್ದರಿಂದ ತಂಗೀ, ಇವತ್ತೇ ಒಂದು ಕೆಲಸ ಮಾಡಿ. ಮೀನು ಗಾಜಿನ ಹತ್ತಿರ ಬಂದಾಗ ಎದುರಿನಿಂದಲೂ ಪಕ್ಕದಿಂದಲೂ ಬಾಯಿಯನ್ನು ನೋಡಿ. ಹಲ್ಲು ತುಟಿ ದಾಟಿ ಉದ್ದಕ್ಕೆ ಬಂದಿದೆಯೇ? ಬಾಯಿ ಪೂರ್ತಿ ತೆರೆಯುವುದಕ್ಕೆ, ಮುಚ್ಚುವುದಕ್ಕೆ ಆಗುತ್ತಿಲ್ಲವೇ? ಹೌದಾದರೆ ಇನ್ನು ಚಿಪ್ಪು ಹಾಕಿ ಪ್ರಯೋಜನವಿಲ್ಲ, ಕಡಿಯುವ ಶಕ್ತಿಯೇ ಹೋಗಿರುತ್ತದೆ. ಹಲ್ಲನ್ನು ಕತ್ತರಿಸಬೇಕು.

ಹೆದರಬೇಡಿ, ಇದಕ್ಕೆ ದಾರಿಯಿದೆ. ನಮಗೆ ಹಲ್ಲು ನೋವು ಬಂದರೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತೇವಲ್ಲ, ಅದೇ ಲವಂಗದ ಎಣ್ಣೆ. ಬೇರೆ ಪಾತ್ರೆಯ ನೀರಿನಲ್ಲಿ ಅದನ್ನು ಅಳೆದು ಬೆರೆಸಿ, ಮೀನಿಗೆ ಮಂಪರು ಬರಿಸಿ, ಹಲ್ಲಿನ ತುದಿ ಕತ್ತರಿಸಿ, ಮತ್ತೆ ಒಳ್ಳೆಯ ನೀರಿಗೆ ಬಿಟ್ಟು ಎಚ್ಚರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಆದರೆ ಎಣ್ಣೆ ಹೆಚ್ಚಾದರೆ ಮೀನು ಮತ್ತೆ ಏಳುವುದೇ ಇಲ್ಲ. ಹಾಗಾಗಿ ಓದಿದ್ದನ್ನು ನಂಬಿ ಮನೆಯಲ್ಲಿ ಕೈ ಹಾಕಬೇಡಿ. ಮೀನು ನೋಡಿ ಗೊತ್ತಿರುವ ಪಶುವೈದ್ಯರನ್ನು ಹುಡುಕಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಅಂಥ ಕಡೆ ವಿಚಾರಿಸಿದರೆ ಯಾರ ಬಳಿ ಹೋಗಬೇಕೆಂದು ತಿಳಿಯಬಹುದು. ಈ ವಿಚಾರಣೆಯನ್ನು ಮಗನಿಗೇ ವಹಿಸಿ. ಹಾಸ್ಟೆಲ್ಲಿನಲ್ಲಿ ಕೂತು ಫೋನು ಮಾಡುವುದಕ್ಕೆ ಅವನಿಗೇನು ಕಷ್ಟ?

ಹಲ್ಲು ಸರಿಯಾಗಿದ್ದೂ ತಿನ್ನದಿದ್ದರೆ ನೀರಿನಲ್ಲಿ ದೋಷವಿರಬಹುದು. ಅದನ್ನು ಮುಂದೆ ಹೇಳುತ್ತೇನೆ. ಏನೇ ಆಗಲಿ, ಏನೆಂದು ತಿಳಿಯುವ ಮೊದಲು ಔಷಧಿ ಸುರಿಯಬೇಡಿ. ಬೇರೆ ಮೀನುಗಳಿಗಿರುವಂಥ ಹುರುಪೆ ಇದರ ಮೈಮೇಲೆ ಇಲ್ಲ. ತಾಮ್ರದ ಔಷಧಿ ಇದಕ್ಕೆ ಬೇಗ ತಾಗುತ್ತದೆ. ಬೆಲೆ ತೆತ್ತು ಕಲಿತ ಪಾಠ ಇದು.

ಸಸ್ಯಾಹಾರಿ ಮನೆಯಲ್ಲಿ ಅದರ ಊಟ

ಈ ಮೀನಿಗೆ ಚಿಪ್ಪಿನೊಳಗಿನ ಮರುವಾಯಿ, ಪಚ್ಚಿಲೆ, ಸಿಪ್ಪೆ ಸಮೇತ ಸಿಗಡಿ, ಚಿಕ್ಕ ಏಡಿ, ಇವೇ ಊಟ. ಒಂದನ್ನೇ ದಿನಾ ಕೊಡಬಾರದು. ಸಿಗಡಿ ಮತ್ತು ಕೆಲವು ಚಿಪ್ಪಿನ ಪ್ರಾಣಿಗಳಲ್ಲಿ ಬಿ1 ಜೀವಸತ್ವವನ್ನು ಕೆಡಿಸುವ ಅಂಶವಿರುತ್ತದೆ. ಆದ್ದರಿಂದ ಬದಲಾಯಿಸುತ್ತಿರಿ. ಗದ್ದೆಯ ಬದಿಯ ಬಸವನಹುಳು ಪುಕ್ಕಟೆ ಸಿಗುತ್ತದೆಂದು ಹಾಕಬೇಡಿ, ಗದ್ದೆಗೆ ಔಷಧಿ ಹೊಡೆದಿರುತ್ತಾರೆ. ಬೆಳೆದ ಮೀನಿಗೆ ದಿನ ಬಿಟ್ಟು ದಿನ ಸಾಕು, ಹೊಟ್ಟೆ ಸ್ವಲ್ಪ ಗುಂಡಗಾಗುವಷ್ಟು. ಅದು ನಿಮ್ಮನ್ನು ಕಂಡಾಗಲೆಲ್ಲ ಹಸಿದವರ ಹಾಗೆ ಕುಣಿಯುತ್ತದೆ, ಮೇಲೆ ಬಂದು ನೀರು ಚಿಮ್ಮಿಸುವುದೂ ಉಂಟು. ಕರಗಿಹೋಗಬೇಡಿ. ಮಕ್ಕಳು ಬೆಲ್ಲ ಕೇಳಿದಾಗಲೆಲ್ಲ ಕೊಡುತ್ತೇವೆಯೇ?

ಕೈಯಿಂದ ತಿನ್ನಿಸಬೇಡಿ. ಚಿಪ್ಪು ಒಡೆಯುವ ಬಾಯಿಗೆ ಬೆರಳು ಯಾವ ಲೆಕ್ಕ? ಉದ್ದನೆಯ ಇಕ್ಕಳ ಬಳಸಿ. ತಿಂದು ಬಿಟ್ಟ ಚೂರು, ಖಾಲಿ ಚಿಪ್ಪು ಎಲ್ಲವನ್ನೂ ಆಗಲೇ ತೆಗೆದುಬಿಡಿ.

ಇನ್ನು ಮನೆಯವರ ಮಾತು. ನಿಮ್ಮ ಆಚಾರ ಬಿಡಿ ಅಂತ ನಾನು ಹೇಳುವುದಿಲ್ಲ, ಅತ್ತೆಯವರ ಜೊತೆ ವಾದಕ್ಕೂ ನಿಲ್ಲಬೇಡಿ. ಸಸ್ಯಾಹಾರಿ ಮನೆಯ ಬೆಕ್ಕೂ ಇಲಿ ಹಿಡಿಯುತ್ತದೆ, ನಾವು ಅದಕ್ಕೆ ಬೈಯುವುದಿಲ್ಲ. ಅದರ ಹುಟ್ಟು ಹಾಗೆ. ಇದೂ ಹಾಗೇ. ಆದರೆ ಅತ್ತೆಯವರ ಅಡಿಗೆಮನೆಗೆ ಇದು ಕಾಲಿಡದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಲಿದೆ. ಹಿತ್ತಲಿನಲ್ಲಿ ಒಂದು ಬಕೆಟ್, ಒಂದು ಚಾಕು, ಒಂದು ಇಕ್ಕಳ, ಮುಚ್ಚಳವಿರುವ ಒಂದು ಡಬ್ಬಿ ಬೇರೆಯಾಗಿಯೇ ಇಡಿ. ಮೀನು ಮಾರುವವರ ಹತ್ತಿರ ತೊಳೆಸಿ, ಒಂದೊಂದು ಹೊತ್ತಿನ ಪೊಟ್ಟಣ ಕಟ್ಟಿಸಿಕೊಳ್ಳಿ. ನಿಮ್ಮ ಫ್ರಿಜ್ಜಿನಲ್ಲಿ ಇಡಲು ಮನಸ್ಸು ಒಪ್ಪದಿದ್ದರೆ, ಮೀನು ತಿನ್ನುವ ನೆರೆಮನೆಯವರನ್ನು ಕೇಳಿ. ಡಬ್ಬಿ ಅವರಲ್ಲಿರಲಿ, ಬೇಕಾದ ದಿನ ಒಂದು ಪೊಟ್ಟಣ ತನ್ನಿ. ಇಷ್ಟು ಮಾಡಿಯೂ ನಿಮ್ಮ ಮನಸ್ಸೇ ಒಗ್ಗದಿದ್ದರೆ ಅದೂ ತಪ್ಪಲ್ಲ. ಆಗ ಏನು ಮಾಡಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಉಪ್ಪುನೀರಿನ ಲೆಕ್ಕ

ನೀರಿನ ವಿಷಯ ನಮಗೆ ಹೊಸದಲ್ಲ. ಅಡಿಗೆ ಬಲ್ಲವರಿಗೆ ಇದು ಬೇಗ ಹಿಡಿಯುತ್ತದೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆದರೆ ಅದು ಬರಿಯ ಅಡಿಗೆ ಉಪ್ಪಲ್ಲ. ಅದರಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಮುಂತಾದವೂ ಇರುತ್ತವೆ. ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪಿನ ಪುಡಿ ಸಿಗುತ್ತದೆ, ಅದನ್ನೇ ಬಳಸಬೇಕು. ಆರ್.ಒ. ನೀರಿಗೆ ಹಿಂದಿನ ದಿನವೇ ಬೆರೆಸಿ, ಚೆನ್ನಾಗಿ ಕರಗಿಸಿ, ಅಳತೆಯ ಉಪಕರಣದಲ್ಲಿ ಸಾಂದ್ರತೆ 1.023ರಿಂದ 1.025ರ ಒಳಗಿದೆಯೇ ನೋಡಿ. ನಿಮ್ಮ ಮೂರಡಿಯ ತೊಟ್ಟಿಯಲ್ಲಿ ಸುಮಾರು 150 ಲೀಟರ್ ನೀರಿರಬಹುದು. ಹದಿನೈದು ದಿನಕ್ಕೊಮ್ಮೆ 30 ಲೀಟರ್ ತೆಗೆದು ಹೊಸದು ಹಾಕಿ. ಅದಕ್ಕೆ ಒಂದು ಕಿಲೋ, ಇನ್ನೂ ಸ್ವಲ್ಪ ಮೇಲೆ ಪುಡಿ ಬೇಕಾದೀತು.

ಎಷ್ಟೋ ಮಂದಿ ಎಡವುವುದು ಇಲ್ಲಿ: ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪುನೀರನ್ನೇ ಹಾಕಿಬಿಡುತ್ತಾರೆ. ಸಾರು ಕುದಿದಷ್ಟೂ ಉಪ್ಪು ಮುಂದಾಗುವುದಿಲ್ಲವೇ? ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದಿಡಿ. ಅದಕ್ಕಿಂತ ಇಳಿದಷ್ಟನ್ನು ದಿನಾ ಸಿಹಿನೀರಿನಿಂದಲೇ ತುಂಬಿಸಿ.

ಇನ್ನೊಂದು ಗುಟ್ಟು ಫಿಲ್ಟರಿನಲ್ಲಿದೆ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಇದ್ದ ಹಾಗೆ ಅಂದುಕೊಳ್ಳಿ. ನಮಗೆ ಎಲ್ಲವೂ ಥಳಥಳ ಇರಬೇಕೆಂಬ ಚಪಲ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿದಿರೋ, ಹೆಪ್ಪನ್ನೇ ತೊಳೆದು ಚೆಲ್ಲಿದ ಹಾಗೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಮೆಲ್ಲಗೆ ಹಿಂಡಿ ಮತ್ತೆ ಇಡಿ, ಸಾಕು. ಅಮೋನಿಯಾ, ನೈಟ್ರೈಟ್ ನೋಡುವ ಪರೀಕ್ಷೆಯ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಸೊನ್ನೆ ಇರಬೇಕು. ಮೀನು ಊಟ ಬಿಟ್ಟರೆ ಹಲ್ಲು ನೋಡಿದ ಮೇಲೆ ನೋಡಬೇಕಾದದ್ದು ಇದನ್ನೇ.

ಶಾಖ 24ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಬಿರುಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನಿನ ಗಾಳಿ ಬೀಸಿದರೆ ತಂಪಾಗುತ್ತದೆ, ಆದರೆ ನೀರೂ ಬೇಗ ಇಳಿಯುತ್ತದೆ, ಗೆರೆ ಮರೆಯಬೇಡಿ. ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಮನೆಯಲ್ಲಿಟ್ಟಿರಿ. ಮೊಂಬತ್ತಿ ಹುಡುಕುವ ಮೊದಲು ಅದನ್ನು ಹಚ್ಚಿ.

ಉಬ್ಬಿಸುವ ಆಟ ಬೇಡ

ನೆಂಟರು ಬಂದರೆ ಮಕ್ಕಳು ಗಾಜು ಬಡಿದು, ಕೋಲಾಡಿಸಿ, "ನೋಡಿ, ಚೆಂಡಿನ ಹಾಗೆ ಊದುತ್ತೆ!" ಅಂತ ತೋರಿಸುವುದುಂಟು. ಮೀನು ಉಬ್ಬುವುದು ಕುಷಿಗಲ್ಲ, ಪ್ರಾಣಭಯಕ್ಕೆ. ಗಬಗಬನೆ ನೀರು ನುಂಗಿ, ನುಂಗಲು ಬಾರದಷ್ಟು ದೊಡ್ಡದಾಗಿ ಶತ್ರುವಿಗೆ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಪಫರ್ ಜಾತಿಯ ಒಂದು ಪುಟ್ಟ ಮೀನಿನ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಲ ಉಬ್ಬಿದ ಮೀನಿನ ಉಸಿರಾಟ ಮೊದಲಿನ ಸ್ಥಿತಿಗೆ ಬರಲು ಐದು ಗಂಟೆಗೂ ಹೆಚ್ಚು ಹಿಡಿಯಿತು. ನಮಗೆ ಒಂದು ನಿಮಿಷದ ನಗು, ಅದಕ್ಕೆ ಅರ್ಧ ದಿನದ ಸುಸ್ತು.

ತೊಟ್ಟಿ ಬದಲಿಸುವಾಗ ಬಲೆಯಿಂದ ಎತ್ತಲೂ ಬೇಡಿ. ನೀರಿನ ಹೊರಗೆ ಬಂದರೆ ನೀರಿನ ಬದಲು ಗಾಳಿ ನುಂಗುತ್ತದೆ, ಅದನ್ನು ಹೊರಹಾಕಲು ಒದ್ದಾಡುತ್ತದೆ. ನೀರಿನೊಳಗೇ ಒಂದು ಡಬ್ಬಿ ಮುಳುಗಿಸಿ, ಮೀನನ್ನು ಅದರೊಳಕ್ಕೆ ತಂದು, ನೀರು ಸಮೇತ ಎತ್ತಿ.

ವಿಷದ ಮಾತು ಹೇಳದೆ ಇರಬಾರದು. ಪಫರ್ ಮೀನುಗಳ ಪಿತ್ತಜನಕಾಂಗ, ತತ್ತಿಚೀಲ, ಚರ್ಮಗಳಲ್ಲಿ ಘೋರ ವಿಷವಿರಬಹುದು. ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿಮದ್ದೂ ಇಲ್ಲ. ನಾವಿಕ ಜೇಮ್ಸ್ ಕುಕ್ 1774ರಲ್ಲಿ ಇಂಥ ಮೀನಿನ ಪಿತ್ತಜನಕಾಂಗವನ್ನು ಬರೀ ರುಚಿ ನೋಡಿ ಕೈಕಾಲು ಮರಗಟ್ಟಿ ಬಳಲಿದ, ಕರುಳು ತಿಂದ ಹಂದಿ ಸತ್ತುಹೋಯಿತು. 1975ರಲ್ಲಿ ಜಪಾನಿನ ಕಬುಕಿ ನಟ ಎಂಟನೆಯ ಬಾಂಡೊ ಮಿತ್ಸುಗೊರೊ ಪ್ರಾಣ ಕಳೆದುಕೊಂಡದ್ದೂ ಇದರ ಪಿತ್ತಜನಕಾಂಗ ತಿಂದೇ. ತೊಟ್ಟಿಯಲ್ಲಿ ಈಜುತ್ತಿರುವ ಮೀನಿನಿಂದ ಮನೆಯವರಿಗೆ ಭಯವಿಲ್ಲ. ಆದರೆ ಅದು ಸತ್ತ ದಿನ ಬೆಕ್ಕು-ನಾಯಿಯ ಬಾಯಿಗೆ ಸಿಗದ ಹಾಗೆ ಆಳವಾಗಿ ಹೂಳಿ.

ಸಮುದ್ರಕ್ಕೆ ಬಿಟ್ಟರೆ ಪುಣ್ಯವೇ?

ನಿಮ್ಮ ಯಜಮಾನರ ಮನಸ್ಸು ಒಳ್ಳೆಯದೇ. ಆದರೆ ಅವರಿಗೆ ಹೇಳಿ: ಬಾಯಿ ಕಟ್ಟಿದ, ಎರಡು ವರ್ಷ ಕೈತುತ್ತು ತಿಂದ ಮೀನನ್ನು ಅಲೆಗೆ ಎಸೆಯುವುದು ಬಿಡುಗಡೆಯಲ್ಲ. ಅದು ಯಾವ ಸಮುದ್ರದ್ದೋ ನಮಗೆ ಗೊತ್ತಿಲ್ಲ. ಅಂಗಡಿಯ ತೊಟ್ಟಿಗಳಲ್ಲಿ ನಾನಾ ಕಡೆಯ ಮೀನುಗಳ ರೋಗ ಅಂಟಿರಬಹುದು, ಅದು ಅಲ್ಲಿನ ಮೀನುಗಳಿಗೂ ಹರಡೀತು. ನಮ್ಮ ಕಡೆಯ ಸಮುದ್ರಗಳ ಸಿಂಹಮೀನು 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಂಡಿತು. ಸಾಕಿದವರು ಬಿಟ್ಟದ್ದೇ ಮೂಲವಿರಬೇಕೆಂದು ತಿಳಿದವರು ಹೇಳುತ್ತಾರೆ. ಈಗ ಅದು ಕೆರಿಬಿಯನ್ ಸಮುದ್ರದ ತುಂಬ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ನುಂಗುತ್ತಿದೆ. ಊರ ಕೆರೆಗೆ ಬಿಡುವ ಮಾತಂತೂ ಬೇಡವೇ ಬೇಡ, ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ.

ಹಾಗಾದರೆ ಉಳಿದದ್ದು ಎರಡು ದಾರಿ. ಒಂದು, ನೀವೇ ಸಾಕುವುದು. ಹಾಗೆ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ನಾಯಿಮುಖದ ಪಫರ್ 33 ಸೆಂಟಿಮೀಟರ್, ಅಂದರೆ ಒಂದು ಅಡಿಗೂ ತುಸು ಹೆಚ್ಚು ಬೆಳೆಯಬಲ್ಲದು. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆಗ ಮೂರಡಿ ಸಾಲದು. ಆರಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಬೇಕು. ಅದರ ನೀರೇ ಸುಮಾರು 500 ಲೀಟರ್, ಅಂದರೆ ಅರ್ಧ ಟನ್ ಭಾರ. ಮಹಡಿಯ ಮೇಲಾದರೆ ಮನೆ ಕಟ್ಟಿದವರನ್ನು ಕೇಳದೆ ಇಡುವ ಹಾಗಿಲ್ಲ. ಉಪ್ಪಿನ ಪುಡಿಯ ಖರ್ಚು, ಕರೆಂಟಿನ ಖರ್ಚು, ಊಟದ ಖರ್ಚು ತಿಂಗಳು ತಿಂಗಳೂ ಇರುತ್ತದೆ. ತವರಿಗೆ ನಾಲ್ಕು ದಿನ ಹೋಗಬೇಕಾದರೂ ಇನ್ನೊಬ್ಬರಿಗೆ ಹೇಳಿ ಹೋಗಬೇಕು.

ಎರಡನೆಯದು, ಇದಕ್ಕಿಂತ ದೊಡ್ಡ ತೊಟ್ಟಿ ಇರುವ, ಉಪ್ಪುನೀರಿನ ಮೀನು ಸಾಕಿ ಗೊತ್ತಿರುವ ಮನೆಗೆ ಕೊಡುವುದು. ಕೊಡುವಾಗ ಕೇಳಿ: ಚಿಪ್ಪಿನ ಊಟ ಕೊಡುತ್ತೀರಾ? ಅಲ್ಲಿ ಇನ್ನೇನು ಮೀನುಗಳಿವೆ? ಇದು ಏಡಿ-ಸಿಗಡಿಗಳನ್ನು ಬಿಡುವುದಿಲ್ಲ, ಬೇರೆ ಮೀನಿನ ರೆಕ್ಕೆಯನ್ನೂ ಕಚ್ಚೀತು. ಹೆಣ್ಣು ಕೊಡುವಾಗ ವಿಚಾರಿಸುವ ಹಾಗೆ ವಿಚಾರಿಸಿ, ತಪ್ಪಿಲ್ಲ.

ಯಾವುದನ್ನು ಆರಿಸಿದರೂ ಮಗನನ್ನು ಕೂರಿಸಿಕೊಂಡು ಮಾತಾಡಿ. "ನೀನು ತಂದ ಜೀವ ಇದು. ಸಾಕುವುದಾದರೆ ಖರ್ಚು ನಿನ್ನ ಪಾಕೆಟ್ ಮನಿಯಿಂದ ಇಷ್ಟು ಬರಲಿ, ರಜೆಗೆ ಬಂದಾಗ ನೀರು ಬದಲಿಸುವುದು ನಿನ್ನ ಕೆಲಸ. ಆಗದಿದ್ದರೆ ಒಳ್ಳೆಯ ಮನೆ ಹುಡುಕುವುದೂ ನಿನ್ನದೇ" ಅನ್ನಿ. ಅಮ್ಮ ಹೇಗಾದರೂ ನೋಡಿಕೊಳ್ಳುತ್ತಾಳೆ ಅನ್ನುವುದು ಮಕ್ಕಳಿಗೆ ನಾವೇ ಕಲಿಸಿದ ಪಾಠ. ಅದನ್ನು ತಿದ್ದುವುದಕ್ಕೆ ಒಂದು ಮೀನು ನೆಪವಾದರೆ ಒಳ್ಳೆಯದೇ ಆಯಿತು.

ಬೆಳಿಗ್ಗೆ ದೀಪ ಹಾಕಿದೊಡನೆ ಅದು ನಿಮ್ಮ ಮುಖ ನೋಡುತ್ತದೆ ಅಂತ ಬರೆದಿದ್ದೀರಿ. ನಿಜ, ಊಟ ಕೊಡುವವರನ್ನು ಈ ಮೀನು ಗುರುತಿಸುತ್ತದೆ. ನಮ್ಮ ಮನೆಯದೂ ಹಾಗೇ ನೋಡುತ್ತಿತ್ತು. ಹಸಿವಾಗಿದೆ ಅಂತ ನನಗೆ ತಿಳಿಯಿತು, ಯಾಕೆ ತಿನ್ನುತ್ತಿಲ್ಲ ಅಂತ ತಿಳಿಯಲಿಲ್ಲ. ನಿಮಗೆ ಈಗ ತಿಳಿದಿದೆ. ಪತ್ರಿಕೆ ಕೆಳಗಿಟ್ಟು ಮೊದಲು ಅದರ ಬಾಯಿ ನೋಡಿ, ತಂಗೀ. ಏನಾಯಿತೆಂದು ನಾಲ್ಕು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಉಳಿದ ಸೋದರಿಯರೇ, ಮಕ್ಕಳು ಮೀನಿನ ಅಂಗಡಿಯ ಮುಂದೆ ನಿಂತು ಸೆರಗು ಜಗ್ಗಿದಾಗ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಇದು ಎಷ್ಟು ದೊಡ್ಡದಾಗುತ್ತದೆ? ಏನು ತಿನ್ನುತ್ತದೆ? ಎಷ್ಟು ವರ್ಷ ಬದುಕುತ್ತದೆ? ಉತ್ತರ ಸಿಗದಿದ್ದರೆ ಮಗುವಿನ ಕೈ ಹಿಡಿದು ಮನೆಗೆ ಬನ್ನಿ. ಒಂದು ದಿನದ ಅಳು ಅಷ್ಟೇ.

ಹಪ್ಪಳ-ಸಂಡಿಗೆ ಮುಂದಿನ ಸಂಚಿಕೆಗೆ ಖಂಡಿತ.

ನಿಮ್ಮ,
ಅಕ್ಕ